ಶಾಖ ಪಂಪಿಗೆ ಭೂಗತ ಕೊಳವೆ: ಎಷ್ಟು ಉದ್ದ ಬೇಕು?

ಏಪ್ರಿಲ್ ತಿಂಗಳ ಬಿಸಿಲಿಗೆ ಹೊಲದ ಮೇಲ್ಮಣ್ಣು ಬರಿಗಾಲು ಊರಲಾಗದಷ್ಟು ಕಾದಿದ್ದರೂ, ಇಪ್ಪತ್ತು ಮೂವತ್ತು ಅಡಿ ಕೆಳಗಿನ ನೆಲಕ್ಕೆ ಆ ಬಿಸಿ ತಟ್ಟುವುದಿಲ್ಲ. ಅಲ್ಲಿ ವರ್ಷವಿಡೀ ಉಷ್ಣತೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ನೆಲದ ಈ ಗುಣವನ್ನು ಬಳಸಿಕೊಂಡು ಮನೆಯ ಕೋಣೆಯನ್ನು ಬೇಸಿಗೆಯಲ್ಲಿ ತಂಪಾಗಿಯೂ ಚಳಿಗಾಲದಲ್ಲಿ ಬೆಚ್ಚಗೂ ಇಡುವ ಸಾಧನವೇ ಭೂಶಾಖ ಪಂಪು.

ಈ ಸಾಧನದ ಯಂತ್ರ ಕೆಟ್ಟರೆ ಬದಲಾಯಿಸಬಹುದು. ಆದರೆ ನೆಲದೊಳಗೆ ಹೂಳಿದ ಕೊಳವೆ ಗಿಡ್ಡವಾಯಿತೆಂದರೆ ಮತ್ತೆ ಬೋರು ಕೊರೆಸದೆ ಬೇರೆ ದಾರಿಯಿಲ್ಲ. ಆದ್ದರಿಂದ ಹಣ ಕೊಡುವ ಮೊದಲೇ ಕೊಳವೆಯ ಉದ್ದದ ಲೆಕ್ಕವನ್ನು ರೈತರು ತಾವೇ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಗುಣಾಕಾರ, ಭಾಗಾಕಾರ ಬಲ್ಲವರು ಇದನ್ನು ಸುಲಭವಾಗಿ ಮಾಡಬಹುದು.

ಶಾಖ ಪಂಪು ಕೆಲಸ ಮಾಡುವ ಬಗೆ

ನೀರೆತ್ತುವ ಪಂಪು ಕೆಳಗಿನ ನೀರನ್ನು ಮೇಲಕ್ಕೆ ಸಾಗಿಸುವಂತೆ, ಶಾಖ ಪಂಪು ಕಡಿಮೆ ಉಷ್ಣತೆಯ ಕಡೆಯಿಂದ ಹೆಚ್ಚು ಉಷ್ಣತೆಯ ಕಡೆಗೆ ಶಾಖವನ್ನು ಸಾಗಿಸುತ್ತದೆ. ಮನೆಯ ಫ್ರಿಜ್ ಮಾಡುವುದೂ ಇದೇ ಕೆಲಸ. ಸಾಮಾನ್ಯ ಏರ್ ಕಂಡೀಷನರ್ ಕೋಣೆಯ ಶಾಖವನ್ನು ಹೊರಗಿನ ಗಾಳಿಗೆ ಬಿಡುತ್ತದೆ. ಭೂಶಾಖ ಪಂಪು ಅದೇ ಶಾಖವನ್ನು ನೆಲದೊಳಗಿನ ಪ್ಲಾಸ್ಟಿಕ್ ಕೊಳವೆಯಲ್ಲಿ ಸುತ್ತುವ ನೀರಿಗೆ ಕೊಡುತ್ತದೆ. ನೀರು ಅದನ್ನು ನೆಲಕ್ಕೆ ಕೊಡುತ್ತದೆ. ಚಳಿಗಾಲದಲ್ಲಿ ಇದನ್ನು ತಿರುಗುಮುರುಗಾಗಿ ನಡೆಸಿ ನೆಲದ ಶಾಖವನ್ನು ಕೋಣೆಗೆ ತರಬಹುದು.

ನೆಲವನ್ನು ಶಾಖ ಪಂಪಿಗೆ ಆಸರೆಯಾಗಿ ಬಳಸುವ ವಿಚಾರಕ್ಕೆ ಸ್ವಿಟ್ಜರ್ಲೆಂಡಿನ ಹೈನ್‌ರಿಖ್ ಝೋಲಿ ಎಂಬ ಇಂಜಿನಿಯರ್ 1912ರಲ್ಲಿಯೇ ಪೇಟೆಂಟ್ ಪಡೆದಿದ್ದರು. 1973ರ ತೈಲ ಬಿಕ್ಕಟ್ಟಿನ ನಂತರ ಸ್ವೀಡನ್ ಮತ್ತು ಅಮೆರಿಕದಲ್ಲಿ ಇದು ಬೇರೂರಿತು. ಅಮೆರಿಕದಲ್ಲಿ ಕೃಷಿ ಶಿಕ್ಷಣಕ್ಕೂ ಹೆಸರಾದ ಓಕ್ಲಹೋಮ ರಾಜ್ಯ ವಿಶ್ವವಿದ್ಯಾಲಯ ಇದರ ಅಧ್ಯಯನದ ಕೇಂದ್ರವಾಯಿತು. ಇಂದು ಬಳಕೆಯಲ್ಲಿರುವ "ಟನ್ನಿಗೆ 150ರಿಂದ 200 ಅಡಿ ಬೋರು" ಎಂಬ ಬಾಯಿಲೆಕ್ಕ ಇಂತಹ ತಂಪು ದೇಶಗಳಿಂದ ಬಂದದ್ದು. ಅದು ನಮ್ಮ ನೆಲಕ್ಕೆ ಹೊಂದುವುದಿಲ್ಲ. ಏಕೆಂಬುದನ್ನು ಮುಂದೆ ನೋಡೋಣ.

ನಿಮ್ಮ ನೆಲದ ಉಷ್ಣತೆ ಎಷ್ಟು?

ಭೂಶಾಖವೆಂದರೆ ಭೂಗರ್ಭದ ಬೆಂಕಿಯೆಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಕೋಲಾರ ಚಿನ್ನದ ಗಣಿಯ ಸುಮಾರು 3 ಕಿಲೋಮೀಟರ್ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು, ನಿಜ. ಆದರೆ ಅಷ್ಟು ಬಿಸಿಯಾಗಲು ಅಷ್ಟು ಆಳ ಬೇಕಾಯಿತು. ನಮ್ಮ ಗಟ್ಟಿ ಬಂಡೆಯ ಪ್ರದೇಶದಲ್ಲಿ 100 ಮೀಟರ್ ಇಳಿದರೆ ಉಷ್ಣತೆ ಏರುವುದು ಒಂದೆರಡು ಡಿಗ್ರಿ ಮಾತ್ರ. ಬೋರಿನ ಆಳದಲ್ಲಿರುವ ಉಷ್ಣತೆಯನ್ನು ನಿರ್ಧರಿಸುವುದು ಮುಖ್ಯವಾಗಿ ಆ ಊರಿನ ಗಾಳಿಯ ವಾರ್ಷಿಕ ಸರಾಸರಿ ಉಷ್ಣತೆ. ನೆಲದ ಉಷ್ಣತೆ ಅದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಿರುತ್ತದೆ.

ಬೆಂಗಳೂರು, ಕೋಲಾರದ ಸುತ್ತಮುತ್ತ ಗಾಳಿಯ ವಾರ್ಷಿಕ ಸರಾಸರಿ ಸುಮಾರು 24 ಡಿಗ್ರಿ. ಆದ್ದರಿಂದ ನೆಲವನ್ನು 26 ಡಿಗ್ರಿ ಎಂದು ಹಿಡಿಯಬಹುದು. ರಾಯಚೂರಿನ ಕಡೆ 29 ಡಿಗ್ರಿ ಎಂದು ಹಿಡಿಯುವುದು ಕ್ಷೇಮ.

ಇದನ್ನು ತಿಳಿಯಲು ಒಂದು ಸುಲಭ ಉಪಾಯವಿದೆ. ಹತ್ತಿರದ ಕೊಳವೆ ಬಾವಿಯ ಪಂಪನ್ನು ಬೆಳಗಿನ ಜಾವ ಹತ್ತು ಹದಿನೈದು ನಿಮಿಷ ಓಡಿಸಿ, ಬಾಯಿಯಲ್ಲಿಯೇ ಬಕೆಟ್ ಹಿಡಿದು ನೀರಿನ ಉಷ್ಣತೆಯನ್ನು ಥರ್ಮಾಮೀಟರಿನಿಂದ ಅಳೆಯಬೇಕು. ಬಿಸಿಲಿನಲ್ಲಿ ಬಿದ್ದ ಪೈಪಿನ ತುದಿಯಲ್ಲಿ ಅಳೆಯಬಾರದು. ಹೀಗೆ ಅಳೆದ ಉಷ್ಣತೆಯೇ ಹೆಚ್ಚುಕಡಿಮೆ ಆ ನೆಲದ ಉಷ್ಣತೆ.

ಲೆಕ್ಕದ ಸೂತ್ರ

ಬೋರಿನ ಉದ್ದವನ್ನು ಮೂರು ಅಂಶಗಳು ನಿರ್ಧರಿಸುತ್ತವೆ.

1. ನೆಲಕ್ಕೆ ಹೋಗುವ ಶಾಖ: ಒಂದು ಟನ್ ಶಕ್ತಿಯ ಯಂತ್ರ ಕೋಣೆಯಿಂದ ಸುಮಾರು 3,500 ವ್ಯಾಟ್ ಶಾಖವನ್ನು ಹೊರತೆಗೆಯುತ್ತದೆ. ಆ ಕೆಲಸಕ್ಕೆ ಅದು ಬಳಸುವ ಸುಮಾರು 900 ವ್ಯಾಟ್ ವಿದ್ಯುತ್ತೂ ಕೊನೆಗೆ ಶಾಖವೇ ಆಗುತ್ತದೆ. ಎರಡೂ ಸೇರಿ 4,400 ವ್ಯಾಟ್ ನೆಲಕ್ಕೆ ಹೋಗಬೇಕು. ವಿದ್ಯುತ್ತಿನ ಭಾಗವನ್ನು ಬಿಟ್ಟು ಲೆಕ್ಕ ಹಾಕಿದರೆ ಕೊಳವೆ ಐದನೆಯ ಒಂದು ಪಾಲು ಗಿಡ್ಡವಾಗುತ್ತದೆ.

2. ನೆಲದ ತಡೆ: ಒಂದು ಮೀಟರ್ ಬೋರಿನ ಮೂಲಕ ಒಂದು ವ್ಯಾಟ್ ಶಾಖ ನೆಲಕ್ಕೆ ಇಳಿಯಬೇಕಾದರೆ ಕೊಳವೆಯ ನೀರು ನೆಲಕ್ಕಿಂತ ಎಷ್ಟು ಡಿಗ್ರಿ ಬಿಸಿಯಿರಬೇಕು ಎಂಬುದೇ ನೆಲದ ತಡೆ. ತಡೆ ಹೆಚ್ಚಾದಷ್ಟೂ ಬೋರು ಉದ್ದವಾಗಬೇಕು.

3. ಉಷ್ಣತೆಯ ಅಂತರ: ಕೊಳವೆಯ ನೀರಿನ ಸರಾಸರಿ ಉಷ್ಣತೆಯಿಂದ ನೆಲದ ಉಷ್ಣತೆಯನ್ನು ಕಳೆದಾಗ ಬರುವ ಸಂಖ್ಯೆ. ನೀರು ಯಂತ್ರವನ್ನು 33 ಡಿಗ್ರಿಯಲ್ಲಿ ಹೊಕ್ಕು 39 ಡಿಗ್ರಿಯಲ್ಲಿ ಹೊರಬಂದರೆ ಸರಾಸರಿ 36 ಡಿಗ್ರಿ. ಇದಕ್ಕಿಂತ ಹೆಚ್ಚು ಬಿಸಿಯಾಗಲು ಬಿಟ್ಟರೆ ಯಂತ್ರ ಹೆಚ್ಚು ವಿದ್ಯುತ್ ಎಳೆಯುತ್ತದೆ.

ಸೂತ್ರ ಹೀಗಿದೆ:

ಬೋರಿನ ಉದ್ದ (ಮೀಟರ್) = ನೆಲಕ್ಕೆ ಹೋಗುವ ಶಾಖ (ವ್ಯಾಟ್) × ನೆಲದ ತಡೆ ÷ ಉಷ್ಣತೆಯ ಅಂತರ (ಡಿಗ್ರಿ)

ಬೋರಿನಲ್ಲಿ ಕೊಳವೆ ಇಳಿಸಿ ಸಂದುಗಳನ್ನು ಚೆನ್ನಾಗಿ ತುಂಬಿದ್ದು, ಯಂತ್ರವು ಕಡು ಬೇಸಿಗೆಯಲ್ಲಿ ದಿನಕ್ಕೆ ಸುಮಾರು 10 ಗಂಟೆ, ವರ್ಷಕ್ಕೆ ಒಟ್ಟು ಸುಮಾರು 1,400 ಗಂಟೆ ಓಡುವುದಾದರೆ, ಹತ್ತು ವರ್ಷದ ಬಳಕೆಗೆ ತಡೆಯನ್ನು ಹೀಗೆ ಹಿಡಿಯಬಹುದು:

ಗಟ್ಟಿ ಗ್ರಾನೈಟ್, ನೈಸ್ ಬಂಡೆ: 0.23
ಬಸಾಲ್ಟ್ ಕಪ್ಪುಶಿಲೆ, ತೇವವುಳ್ಳ ಗರಸು: 0.33

ದಕ್ಷಿಣ ಕರ್ನಾಟಕದ ಬಹುಭಾಗದಲ್ಲಿ ಮಣ್ಣಿನ ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಈ ಗಟ್ಟಿ ಬಂಡೆ ಶಾಖವನ್ನು ಬೇಗ ಸಾಗಿಸುತ್ತದೆ. ಬೆಳಗಾವಿ, ವಿಜಯಪುರ ಜಿಲ್ಲೆಗಳ ಬಹುಭಾಗದಲ್ಲಿ ಕಂಡುಬರುವ ಬಸಾಲ್ಟ್ ಅದರಷ್ಟು ಚುರುಕಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಒಣಗಿದ ಸಡಿಲ ಮಣ್ಣು. ಆದ್ದರಿಂದ ಕೇಸಿಂಗ್ ಇಳಿಸಿದ ಮೇಲಿನ ಒಣ ಪದರವನ್ನು ಉದ್ದದ ಲೆಕ್ಕದಲ್ಲಿ ಸೇರಿಸದಿರುವುದೇ ಲೇಸು.

ಉದಾಹರಣೆಗಳು

ಕೋಲಾರದ ಕಡೆ ಒಬ್ಬ ರೈತರ ಮನೆಗೆ ಒಂದು ಟನ್ ಯಂತ್ರ ಬೇಕೆಂದು ಇಟ್ಟುಕೊಳ್ಳೋಣ. ನೆಲ 26 ಡಿಗ್ರಿ, ನೀರು 36 ಡಿಗ್ರಿ, ಅಂತರ 10.

4,400 × 0.23 ÷ 10 = 101 ಮೀಟರ್, ಅಂದರೆ ಸುಮಾರು 330 ಅಡಿ.

ರಾಯಚೂರಿನ ಗ್ರಾನೈಟ್ ನೆಲದಲ್ಲಿ ಅಂತರ 7 ಡಿಗ್ರಿ ಮಾತ್ರ.

4,400 × 0.23 ÷ 7 = 145 ಮೀಟರ್, ಅಂದರೆ ಸುಮಾರು 475 ಅಡಿ.

ಇದೇ ಯಂತ್ರವನ್ನು ನೆಲದ ಉಷ್ಣತೆ 12 ಡಿಗ್ರಿ ಇರುವ ತಂಪು ದೇಶದಲ್ಲಿ ಹೂಡಿದರೆ ಅಂತರ 24 ಡಿಗ್ರಿ.

4,400 × 0.23 ÷ 24 = 42 ಮೀಟರ್, ಅಂದರೆ ಸುಮಾರು 140 ಅಡಿ.

ಯಂತ್ರ ಒಂದೇ, ಬಂಡೆ ಒಂದೇ, ಶಾಖವೂ ಅಷ್ಟೇ. ಆದರೆ ಕೋಲಾರದಲ್ಲಿ ಎರಡೂವರೆ ಪಟ್ಟು ಬೋರು ಬೇಕಾಯಿತು. ನೆಲವೇ ಬೆಚ್ಚಗಿರುವುದರಿಂದ ಅದು ಮೀಟರಿಗೆ ಹೀರುವ ಶಾಖ ಕಡಿಮೆ. ಹೊರದೇಶದ ಬಾಯಿಲೆಕ್ಕ ನಮಗೆ ಸಾಲದಿರುವುದಕ್ಕೆ ಇದೇ ಕಾರಣ.

ಹಾಗೆಂದು 140 ಅಡಿಗೇ ನಿಲ್ಲಿಸಿದರೆ ಏನಾಗುತ್ತದೆ? ಕೋಲಾರದಲ್ಲಿ 42 ಮೀಟರ್ ಬೋರಿನ ನೀರು, 4,400 ವ್ಯಾಟ್ ಶಾಖವನ್ನು ಬಿಡಬೇಕಾದರೆ, ನೆಲಕ್ಕಿಂತ 24 ಡಿಗ್ರಿ ಬಿಸಿಯಾಗಬೇಕು. 26ಕ್ಕೆ 24 ಕೂಡಿಸಿದರೆ 50 ಡಿಗ್ರಿ! ಮೇ ತಿಂಗಳ ಮಧ್ಯಾಹ್ನದಲ್ಲಿ ಕೂಡ ಕೋಲಾರದ ಹೊರಗಿನ ಗಾಳಿ ಇಷ್ಟು ಬಿಸಿಯಿರುವುದಿಲ್ಲ. ಬೋರಿಗೆ ಹಣ ಸುರಿದೂ ಸಾಮಾನ್ಯ ಏರ್ ಕಂಡೀಷನರಿಗಿಂತ ಕೀಳಾದ ಫಲ ದೊರೆತಂತಾಯಿತು. ಮೊದಲ ವಾರ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ, ಏಕೆಂದರೆ ಬೋರಿನ ಸುತ್ತಲಿನ ಬಂಡೆ ಇನ್ನೂ ಕಾದಿರುವುದಿಲ್ಲ. ದಿನ ಕಳೆದಂತೆ ನೀರು ಬಿಸಿಯಾಗುತ್ತ ಹೋಗಿ, ತಂಪು ಅತ್ಯಗತ್ಯವಾದ ಹೊತ್ತಿನಲ್ಲಿಯೇ ಯಂತ್ರ ತಾನಾಗಿ ನಿಂತುಬಿಡುತ್ತದೆ.

ಚಳಿಗಾಲದಲ್ಲಿ ಈ ತೊಂದರೆಯಿಲ್ಲ. ಬೆಚ್ಚಗಿನ ನಮ್ಮ ನೆಲದಿಂದ ಶಾಖ ಎತ್ತುವುದು ಸುಲಭ. ಆದ್ದರಿಂದ ಬೇಸಿಗೆಗೆ ಸಾಲುವ ಕೊಳವೆ ನಮ್ಮಲ್ಲಿ ಚಳಿಗಾಲಕ್ಕೆ ಧಾರಾಳವಾಗಿ ಸಾಲುತ್ತದೆ. ಸ್ವೀಡನ್ನಿನಂತಹ ದೇಶಗಳಲ್ಲಿ ಲೆಕ್ಕ ಇದಕ್ಕೆ ವಿರುದ್ಧ: ಅಲ್ಲಿ ಉದ್ದವನ್ನು ನಿರ್ಧರಿಸುವುದು ಚಳಿಗಾಲ.

ನೆಲವೂ ಒಂದು ಹಗೇವು

ನೆಲಕ್ಕೆ ಎಷ್ಟು ಶಾಖ ಸುರಿದರೂ ಅದು ನುಂಗಿಕೊಳ್ಳುತ್ತದೆ ಎಂದು ತಿಳಿಯಬಾರದು. ಅದನ್ನು ಹಗೇವಿಗೆ ಹೋಲಿಸಬಹುದು. ತುಂಬುತ್ತಲೇ ಹೋದರೆ ಹಗೇವು ಭರ್ತಿಯಾಗುತ್ತದೆ. ಆಗಾಗ ತೆಗೆದರೆ ಮತ್ತೆ ಜಾಗವಾಗುತ್ತದೆ.

ಯಂತ್ರ ಎಷ್ಟು ಗಂಟೆ ಓಡುತ್ತದೆ ಎಂಬುದು ಇದರಿಂದ ಮುಖ್ಯವಾಗುತ್ತದೆ. ಮೇಲಿನ ಲೆಕ್ಕ ದಿನಕ್ಕೆ ಹತ್ತು ಗಂಟೆಯ ಬೇಸಿಗೆ ಬಳಕೆಗೆ ಮಾತ್ರ. ಶೀತಕೋಣೆಯಂತೆ ಹಗಲಿರುಳು ವರ್ಷಪೂರ್ತಿ ಓಡುವ ಯಂತ್ರವಾದರೆ ಗ್ರಾನೈಟ್ ನೆಲದಲ್ಲಿಯೂ ಇನ್ನೂ ಶೇಕಡ 40ರಷ್ಟು ಉದ್ದ ಸೇರಿಸಬೇಕು.

ಒಂದಕ್ಕಿಂತ ಹೆಚ್ಚು ಬೋರು ಇದ್ದರೆ ಅವುಗಳ ನಡುವೆ ಕನಿಷ್ಠ 20 ಅಡಿ ಅಂತರವಿರಬೇಕು. ಇಲ್ಲವಾದರೆ ಒಂದರ ಶಾಖ ಇನ್ನೊಂದನ್ನು ಕಾಯಿಸುತ್ತದೆ. ಎರಡು ಟನ್ನಿಗೆ 202 ಮೀಟರ್ ಬೇಕಾದಾಗ ಅದನ್ನು ಒಂದೇ ಬೋರಿನಲ್ಲಿ ಇಳಿಸುವ ಬದಲು 101 ಮೀಟರಿನ ಎರಡು ಬೋರು ಮಾಡಬಹುದು. ಚಳಿಗಾಲದಲ್ಲಿ ನೆಲದಿಂದ ಶಾಖ ತೆಗೆದರೆ ನೆಲ ಚೇತರಿಸಿಕೊಳ್ಳುತ್ತದೆ. ಒಂದೇ ಬೋರಿದ್ದಾಗ ಈ ಲಾಭ ಅಲ್ಪ. ಹಲವು ಬೋರುಗಳು ಒತ್ತಾಗಿದ್ದಾಗ ದೊಡ್ಡದು.

ಬತ್ತಿದ ಕೊಳವೆ ಬಾವಿಯನ್ನು ಬಳಸಬಹುದೇ?

ಬಳಸಬಹುದು, ಆದರೆ ಕೆಲವು ನಿಬಂಧನೆಗಳಿವೆ. ಕೊರೆಸುವ ಖರ್ಚು ಉಳಿಯುವುದರಿಂದ ಇದು ರೈತರಿಗೆ ಆಕರ್ಷಕ. ನಮ್ಮ ಆರೂವರೆ ಅಂಗುಲದ ಬೋರಿನಲ್ಲಿ ಕೊಳವೆ ಇಳಿಸಲು ಸಾಕಷ್ಟು ಜಾಗವೂ ಇರುತ್ತದೆ.

ಸ್ವೀಡನ್ನಿನದೂ ನಮ್ಮಂತೆಯೇ ಗಟ್ಟಿ ಬಂಡೆಯ ನೆಲ. ಅಲ್ಲಿ ಬೋರಿನೊಳಗೆ ಕೊಳವೆಯನ್ನು ಇಳಿಬಿಟ್ಟು ಸುತ್ತ ಅಂತರ್ಜಲ ತುಂಬಿಕೊಳ್ಳಲು ಬಿಡುತ್ತಾರೆ. ನೀರೇ ಕೊಳವೆಗೂ ಬಂಡೆಗೂ ಸೇತುವೆಯಾಗುತ್ತದೆ. ನಮ್ಮ ಬತ್ತಿದ ಬೋರಿನಲ್ಲಿ ಇರುವುದು ಗಾಳಿ. ಗಾಳಿ ಶಾಖವನ್ನು ಸಾಗಿಸುವುದಿಲ್ಲ. ಕಂಬಳಿ ಬೆಚ್ಚಗಿರುವುದು ಅದರೊಳಗೆ ಹಿಡಿದಿಟ್ಟ ಗಾಳಿಯಿಂದಲೇ. ಒಣ ಬೋರಿನಲ್ಲಿ ಕೊಳವೆಯನ್ನು ಸುಮ್ಮನೆ ಇಳಿಬಿಟ್ಟರೆ ಅದಕ್ಕೆ ಕಂಬಳಿ ಹೊದಿಸಿದಂತೆಯೇ ಸರಿ.

ಆದ್ದರಿಂದ ಒಣ ಬೋರನ್ನು ಬೆಂಟೊನೈಟ್ ಜೇಡಿಮಣ್ಣು ಮತ್ತು ಸಣ್ಣ ಬಿಳಿ ಮರಳನ್ನು ನೀರಿನಲ್ಲಿ ಕಲಸಿದ ರಾಡಿಯಿಂದ ತುಂಬಬೇಕು. ರಾಡಿಯನ್ನು ಮೇಲಿನಿಂದ ಸುರಿಯಬಾರದು. ನಡುನಡುವೆ ಗಾಳಿಯ ಸಂದು ಉಳಿಯುತ್ತದೆ. ಬೇರೊಂದು ಪೈಪನ್ನು ತಳದವರೆಗೆ ಇಳಿಸಿ, ಅದರ ಮೂಲಕ ರಾಡಿಯನ್ನು ಒತ್ತುತ್ತ, ತುಂಬಿ ಬಂದಂತೆ ಪೈಪನ್ನು ಮೇಲೆತ್ತಬೇಕು.

ಬೋರಿನಲ್ಲಿ ನೀರಿದ್ದರೆ ಅದರ ಮಟ್ಟವನ್ನು ಏಪ್ರಿಲ್–ಮೇ ತಿಂಗಳಲ್ಲಿ ಅಳೆಯಬೇಕು, ನವೆಂಬರಿನಲ್ಲಲ್ಲ. ಬೇಸಿಗೆಯ ನೀರಿನ ಮಟ್ಟಕ್ಕಿಂತ ಕೆಳಗಿರುವ ಭಾಗ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. 400 ಅಡಿ ಬೋರಿನಲ್ಲಿ ಬೇಸಿಗೆಯ ನೀರು 250 ಅಡಿಯಲ್ಲಿದ್ದರೆ ಕೆಲಸಕ್ಕೆ ಬರುವುದು 150 ಅಡಿ ಮಾತ್ರ.

ನೀರು ಕೊಡುತ್ತಿರುವ ಬೋರಿನಲ್ಲಿ ಈ ಕೊಳವೆ ಇಳಿಸಬಾರದು. ಮಳೆನೀರು ಇಂಗಿಸಿದರೆ ಮತ್ತೆ ನೀರು ಕೊಡಬಲ್ಲ ಬೋರನ್ನೂ ರಾಡಿ ತುಂಬಿ ಮುಚ್ಚಿಬಿಡುವುದು ಜಾಣತನವಲ್ಲ. ಅದಕ್ಕೆ ಮರುಪೂರಣವೇ ತಕ್ಕ ಉಪಯೋಗ. ಯಾವ ಬೋರಾದರೂ ಮೇಲಿನ 20 ಅಡಿಯನ್ನು ಭದ್ರವಾಗಿ ಮುಚ್ಚಿ, ಕೊಳೆನೀರು ಅಂತರ್ಜಲಕ್ಕೆ ಇಳಿಯದಂತೆ ನೋಡಿಕೊಳ್ಳಬೇಕು. ಕೆಲಸ ಮುಗಿಯುವವರೆಗೆ ಬಾಯಿಗೆ ಗಟ್ಟಿಯಾದ ಮುಚ್ಚಳವಿರಬೇಕು. ತೆರೆದ ಬೋರು ಮಕ್ಕಳ ಪ್ರಾಣಕ್ಕೆ ಅಪಾಯ.

ಹೊಸ ಬೋರು ಕೊರೆಸುವವರು 2011ರ ಕರ್ನಾಟಕ ಅಂತರ್ಜಲ ಕಾಯಿದೆಯ ಪ್ರಕಾರ ತಮ್ಮದು ಅಧಿಸೂಚಿತ ತಾಲ್ಲೂಕೇ ಎಂದು ವಿಚಾರಿಸಿ, ಅನುಮತಿ ಪಡೆದು ಮುಂದುವರಿಯಬೇಕು.

ಅಡ್ಡ ಕಾಲುವೆ ಮತ್ತು ಕೃಷಿ ಹೊಂಡ

ಐದಾರು ಅಡಿ ಆಳದ ಕಾಲುವೆ ತೋಡಿ ಕೊಳವೆಯನ್ನು ಅಡ್ಡಲಾಗಿ ಹೂಳುವ ಪದ್ಧತಿಯೂ ಇದೆ. ತೇವ ಆರದ ತಂಪು ದೇಶಗಳಲ್ಲಿ ಇದು ಅಗ್ಗವಾಗಿ ಒದಗುತ್ತದೆ. ನಮ್ಮ ಖುಷ್ಕಿ ಜಮೀನಿಗೆ ಇದು ತಕ್ಕುದಲ್ಲ. ಅಷ್ಟು ಆಳದಲ್ಲಿ ಬೇಸಿಗೆಯ ಬಿಸಿ ಇನ್ನೂ ತಲುಪುತ್ತದೆ, ಮಣ್ಣೂ ಒಣಗಿರುತ್ತದೆ. ಎರೆಭೂಮಿಯಲ್ಲಿ ಮಣ್ಣು ಬಿರಿದು ಕೊಳವೆಯಿಂದ ದೂರ ಸರಿಯುತ್ತದೆ. ವರ್ಷವಿಡೀ ನೀರು ಹಾಯುವ ತೋಟದ ಅಂಚಿನಲ್ಲಿ ಮಾತ್ರ ಇದನ್ನು ಯೋಚಿಸಬಹುದು.

ಕೃಷಿ ಹೊಂಡದ ನೀರಿನಲ್ಲಿ ಸುರುಳಿ ಮುಳುಗಿಸುವುದು ಎಲ್ಲಕ್ಕಿಂತ ಸುಲಭ. ಆದರೆ ಹೊಂಡ ತುಂಬಿರುವುದು ಮಳೆಗಾಲದ ಕೊನೆಯಲ್ಲಿ, ತಂಪು ಬೇಕಾಗುವುದು ಏಪ್ರಿಲ್‌ನಲ್ಲಿ. ಬೇಸಿಗೆಯಲ್ಲಿ ಬತ್ತುವ ಹೊಂಡವನ್ನು ನಂಬಿ ಯಂತ್ರ ಕೊಳ್ಳಬಾರದು.

ಕೊಳವೆಯ ಆಯ್ಕೆ

ಬೋರಿನ ಉದ್ದ ಬೇರೆ, ಕೊಳವೆಯ ಉದ್ದ ಬೇರೆ. ಕೊಳವೆ ತಳದವರೆಗೆ ಇಳಿದು ಮತ್ತೆ ಮೇಲೆ ಬರುವುದರಿಂದ 101 ಮೀಟರ್ ಬೋರಿಗೆ 202 ಮೀಟರ್ ಕೊಳವೆ ಬೇಕು. ಅಂದಾಜು ಪಟ್ಟಿಯಲ್ಲಿ "200 ಮೀಟರ್" ಎಂದಿದ್ದರೆ ಅದು ಬೋರಿನ ಉದ್ದವೋ ಕೊಳವೆಯದೋ ಎಂದು ಕೇಳಿ ಬರೆಸಿಕೊಳ್ಳಬೇಕು. ಈ ಒಂದು ಮಾತಿನ ಗೊಂದಲದಿಂದ ಅರ್ಧ ಉದ್ದವೇ ಕಾಣೆಯಾಗಬಹುದು.

32 ಅಥವಾ 40 ಮಿಲಿಮೀಟರಿನ ಎಚ್.ಡಿ.ಪಿ.ಇ. ಕೊಳವೆ ಉತ್ತಮ. ತುಂತುರು ನೀರಾವರಿಗೆ ತಂದ 4 ಅಥವಾ 6 ಕೆ.ಜಿ. ಒತ್ತಡದ ಪೈಪನ್ನು ಬಳಸಲೇಬಾರದು. ನೂರು ಮೀಟರ್ ಆಳದಲ್ಲಿ ನೀರಿನ ತೂಕವೇ ಸುಮಾರು 10 ಕೆ.ಜಿ. ಒತ್ತಡ ಹಾಕುತ್ತದೆ. 16 ಕೆ.ಜಿ. ದರ್ಜೆಯ ಕೊಳವೆಯೇ ಬೇಕು. ತಳದ ತಿರುವು ಕಾರ್ಖಾನೆಯಲ್ಲಿಯೇ ಬೆಸೆದು ಬಂದಿರಬೇಕು. ನೆಲದೊಳಗೆ ಸ್ಕ್ರೂ ಜೋಡಣೆ ಕೂಡದು. ಕೊಳವೆಗೆ ನೀರು ತುಂಬಿ, ತಳಕ್ಕೆ ಭಾರ ಕಟ್ಟಿ ಇಳಿಸಬೇಕು. ರಾಡಿ ತುಂಬುವ ಮೊದಲು ಒತ್ತಡ ಹಾಕಿ ಸೋರಿಕೆ ಪರೀಕ್ಷಿಸಬೇಕು.

ಟನ್ನಿಗೆ ನಿಮಿಷಕ್ಕೆ 11 ಲೀಟರಿನಷ್ಟು ನೀರು ಸುತ್ತಿದರೆ ಸಾಕು. ದೊಡ್ಡ ಪಂಪು ಹಾಕಿದರೆ ಅದರ ವಿದ್ಯುತ್ತೂ ಶಾಖವಾಗಿ ಅದೇ ನೀರಿಗೆ ಸೇರುತ್ತದೆ. ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಮದ್ಯಸಾರ ಬೆರೆಸುತ್ತಾರೆ. ನಮಗೆ ಸೋಸಿದ ಮಳೆನೀರೇ ಸಾಕು.

ಯಾರಿಗೆ ಇದರಿಂದ ಪ್ರಯೋಜನ?

ಒಂದು ಮಲಗುವ ಕೋಣೆಯ ತಂಪಿಗಾಗಿ ಹೊಸದಾಗಿ 330 ಅಡಿ ಕೊರೆಸುವುದು ಸಾಮಾನ್ಯವಾಗಿ ಲಾಭದಾಯಕವಲ್ಲ. ಮೊದಲು ಮಾಡಬೇಕಾದದ್ದು ಕೋಣೆಗೆ ಬರುವ ಶಾಖವನ್ನು ತಡೆಯುವ ಕೆಲಸ. ತಾರಸಿಗೆ ಸುಣ್ಣ ಬಳಿಯುವುದು, ತೆಂಗಿನ ಗರಿಯ ಚಪ್ಪರ ಹಾಕುವುದು, ಪಶ್ಚಿಮದ ಗೋಡೆಗೆ ಮರದ ನೆರಳು ಬರುವಂತೆ ಮಾಡುವುದು ಇವೆಲ್ಲ ಬೋರಿನ ಅಡಿಗಳನ್ನೇ ಉಳಿಸುತ್ತವೆ. ಎರಡು ಟನ್ನಿನ ಅಗತ್ಯ ಒಂದೂವರೆಗೆ ಇಳಿದರೆ ಕೋಲಾರದಲ್ಲಿ 165 ಅಡಿ ಬೋರು ಉಳಿಯಿತು.

ಬಾವಿಗೆ ಬಾರದ ಹಳೆಯ ಬೋರು ಮನೆಯ ಹತ್ತಿರವೇ ಇದ್ದು, ಬೇಸಿಗೆಯ ತಂಪು, ಚಳಿಗಾಲದ ಬಿಸಿ ಎರಡೂ ಬೇಕಾದವರು ಇದನ್ನು ಯೋಚಿಸಬಹುದು. ರೇಷ್ಮೆ ಬೆಳೆಗಾರರ ಚಾಕಿ ಕೋಣೆ ಇದಕ್ಕೆ ಒಳ್ಳೆಯ ಉದಾಹರಣೆ. ಚಾಕಿ ಹುಳುಗಳಿಗೆ ವರ್ಷದ ಎಲ್ಲ ಕಾಲದಲ್ಲಿಯೂ 26ರಿಂದ 28 ಡಿಗ್ರಿ ಬೇಕು. ಏಪ್ರಿಲ್ ಹಗಲಿನಲ್ಲಿ ಕೋಣೆಯನ್ನು ತಣಿಸಬೇಕು, ಜನವರಿಯ ರಾತ್ರಿಯಲ್ಲಿ ಕಾಯಿಸಬೇಕು. ಆದರೆ ಯಂತ್ರವು ತಂಪು ಮಾಡುವಾಗ ಗಾಳಿಯ ತೇವವನ್ನೂ ಹೀರುತ್ತದೆ. ಹುಳುಗಳಿಗೆ ಬೇಕಾದ ತೇವವನ್ನು ಬೇರೆಯಾಗಿ ಒದಗಿಸಬೇಕು. ಹೊಸ ಗಾಳಿ ಒಳಬರುವುದರಿಂದ ಹೆಚ್ಚುವ ಹೊರೆಯನ್ನೂ ಟನ್ನಿನ ಲೆಕ್ಕಕ್ಕೆ ಸೇರಿಸಬೇಕು.

ನೆನಪಿಡಬೇಕಾದ ಅಂಶಗಳು

1. ಮೊದಲು ಮಾಡು, ಗೋಡೆಗಳಿಂದ ಬರುವ ಶಾಖ ತಗ್ಗಿಸಿ, ಆಮೇಲೆ ಟನ್ನು ನಿರ್ಧರಿಸಬೇಕು.
2. ಕೊಳವೆ ಬಾವಿಯ ನೀರಿನಿಂದ ನೆಲದ ಉಷ್ಣತೆ ಅಳೆಯಬೇಕು.
3. ಟನ್ನಿಗೆ 4,400 ವ್ಯಾಟ್ ಹಿಡಿಯಬೇಕು, 3,500 ಅಲ್ಲ.
4. ಒಣ ಬೋರನ್ನು ತಳದಿಂದ ಮೇಲಕ್ಕೆ ರಾಡಿಯಿಂದ ತುಂಬಬೇಕು.
5. ನೀರಿರುವ ಬೋರಿನಲ್ಲಿ ಬೇಸಿಗೆಯ ಮಟ್ಟಕ್ಕಿಂತ ಕೆಳಗಿನ ಭಾಗವನ್ನು ಮಾತ್ರ ಎಣಿಸಬೇಕು.
6. ಅಂದಾಜು ಪಟ್ಟಿಯಲ್ಲಿ ನೆಲದ ಉಷ್ಣತೆ, ನೀರಿನ ಗರಿಷ್ಠ ಉಷ್ಣತೆ ಮತ್ತು ಬೋರಿನ ಉದ್ದ ಈ ಮೂರನ್ನೂ ಬರೆಸಿಕೊಳ್ಳಬೇಕು.

ಇಲ್ಲಿ ಕೊಟ್ಟಿರುವುದು ಒಂದೆರಡು ಬೋರಿನ ಮನೆಬಳಕೆಗೆ ಸಾಕಾಗುವ ಅಂದಾಜು. ಹೆಚ್ಚು ಬೋರುಗಳ ದೊಡ್ಡ ಕೆಲಸಕ್ಕೆ ಒಂದು ಬೋರು ಕೊರೆಸಿ, ಬಿಸಿನೀರು ಹಾಯಿಸಿ, ನೆಲದ ತಡೆಯನ್ನು ತಜ್ಞರಿಂದ ಅಳೆಯಿಸಿಯೇ ಮುಂದುವರಿಯಬೇಕು. "ಟನ್ನಿಗೆ ಇಷ್ಟು ಅಡಿ" ಎಂದಷ್ಟೇ ಹೇಳಿ ನೆಲದ ಉಷ್ಣತೆಯನ್ನು ಕೇಳದವರ ಲೆಕ್ಕವನ್ನು ಒಪ್ಪಿಕೊಳ್ಳುವ ಮುನ್ನ ಈ ಸೂತ್ರದಿಂದ ಒಮ್ಮೆ ತಾಳೆ ನೋಡುವುದು ಲೇಸು.